ಭೂಮಣ್ಣಿ ಬುಟ್ಟಿಯ ಚಿತ್ತಾರ: ಅಜ್ಜಿಯರೂ ಮಕ್ಕಳೂ ಒಂದೇ ಕೆಲಸದಲ್ಲಿ ತೊಡಗುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಸಾಗರ ತಾಲ್ಲೂಕು

ನಮ್ಮ ಶಾಲೆಯ ಅನೇಕ ಮಕ್ಕಳು ದೀವರ ಸಮುದಾಯದ ಮನೆಗಳಿಂದ ಬರುತ್ತಾರೆ. ಅವರ ಅಜ್ಜಿಯರಲ್ಲಿ ಹಲವರಿಗೆ ಮದುವೆಯ ಹಸೆಗೋಡೆಯ ಚಿತ್ತಾರವೂ ಭೂಮಿ ಹುಣ್ಣಿಮೆಯ ಬುಟ್ಟಿಯ, ಅಂದರೆ ಭೂಮಣ್ಣಿ ಬುಟ್ಟಿಯ, ಚಿತ್ತಾರವೂ ಚೆನ್ನಾಗಿ ಬರುತ್ತವೆ. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನ ಗೋಡೆಗಳು ಬಂದ ಮೇಲೆ ಹಸೆ ಬರೆಯುವ ಸಂದರ್ಭಗಳು ಕಡಿಮೆಯಾಗಿವೆ, ಮಕ್ಕಳಿಗೂ ಅಜ್ಜಿಯ ಪಕ್ಕ ಕುಳಿತು ಕಲಿಯುವ ಅವಕಾಶ ಸಿಗುತ್ತಿಲ್ಲ. ಈ ವರ್ಷ ಇಬ್ಬರನ್ನೂ ಕೂಡಿಸಿ ಒಂದು ಕಲಾಯೋಜನೆ ನಡೆಸಬೇಕೆಂದಿದ್ದೇನೆ. ಆದರೆ ನಾನು ನೋಡಿದ ಇಂಥ ಕಾರ್ಯಕ್ರಮಗಳಲ್ಲಿ ಹಿರಿಯರಿಗೆ ಶಾಲು ಹೊದಿಸಿ, ಅರ್ಧ ಗಂಟೆ ಪ್ರಾತ್ಯಕ್ಷಿಕೆ ಮಾಡಿಸಿ, ಫೋಟೊ ತೆಗೆದು ಮನೆಗೆ ಕಳುಹಿಸುತ್ತಾರೆ. ಮಕ್ಕಳು ಅದನ್ನೇ ಡ್ರಾಯಿಂಗ್ ಹಾಳೆಯ ಮೇಲೆ ಪೋಸ್ಟರ್ ಬಣ್ಣದಲ್ಲಿ ನಕಲು ಮಾಡುತ್ತಾರೆ. ಹಾಗಾಗದಂತೆ ಎರಡೂ ತಲೆಮಾರಿನವರು ಒಂದೇ ಕೆಲಸಕ್ಕೆ ಕೈ ಹಾಕುವಂತೆ ಯೋಜಿಸುವುದು ಹೇಗೆಂದು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಚಿತ್ತಾರ ಬರೆಯುವ ಮನೆಯ ಮಗಳು, ಸೊರಬ ತಾಲ್ಲೂಕು

ಹಾಳೆಯನ್ನು ಬಿಟ್ಟು ಬುಟ್ಟಿಯನ್ನೇ ಹಿಡಿಯಿರಿ ಎಂಬುದು ನನ್ನ ಮೊದಲ ಮಾತು. ಭೂಮಿ ಹುಣ್ಣಿಮೆ ಬರುವುದು ಆಶ್ವಯುಜ ಮಾಸದ ಹುಣ್ಣಿಮೆಗೆ, ಅಂದರೆ ವಿಜಯದಶಮಿಯಾದ ಐದಾರು ದಿನಗಳೊಳಗೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ಭೂಮಿತಾಯಿ ಬಸುರಿಯಾಗಿರುವ ಕಾಲವೆಂದು ಅವಳಿಗೆ ಬಯಕೆಯ ಊಟ ಒಯ್ಯುವುದು ಈ ಬುಟ್ಟಿಯಲ್ಲಿ. ಹಬ್ಬಕ್ಕೆ ಬೇಕಾದ ಬುಟ್ಟಿಯಾದ್ದರಿಂದ ಅದನ್ನು ಯಾರೂ ಅರ್ಧಕ್ಕೆ ಬಿಡುವುದಿಲ್ಲ, ಅದು ಚೆನ್ನಾಗಿ ಬರಲಿ ಎಂಬ ಕಾಳಜಿ ಅಜ್ಜಿಗೂ ಇರುತ್ತದೆ, ಮೊಮ್ಮಗಳಿಗೂ ಇರುತ್ತದೆ. ಪ್ರದರ್ಶನಕ್ಕೆಂದೇ ಮಾಡಿದ ವಸ್ತುವಿಗೆ ಆ ಕಾಳಜಿ ಹುಟ್ಟುವುದು ಕಷ್ಟ.

ಎರಡನೆಯದಾಗಿ, ಬಣ್ಣವನ್ನು ಅಂಗಡಿಯಿಂದ ತರಬೇಡಿ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಬೇಕು, ಅದರ ಮೇಲೆ ಕೆಮ್ಮಣ್ಣು ಬಳಿಯಬೇಕು, ಅಕ್ಕಿ ನೆನೆಸಿ ನುಣ್ಣಗೆ ಅರೆದು ಬಿಳಿ ಮಾಡಿಕೊಳ್ಳಬೇಕು, ಅಕ್ಕಿಯನ್ನು ಕರಕಲಾಗುವವರೆಗೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನ ತುದಿಯನ್ನು ಜಜ್ಜಿ ಬಿಡಿಸಿದರೆ ಕುಂಚ. ಮಕ್ಕಳ ಕೈಗೆ ನಿಜವಾದ ಕೆಲಸ ಸಿಗುವುದು ಇಲ್ಲಿಯೇ, ಏಕೆಂದರೆ ಅರೆಯುವುದು, ಸೋಸುವುದು, ಮಣ್ಣು ತರುವುದು ವಯಸ್ಸಾದವರಿಗೆ ಈಗ ಆಯಾಸದ ಕೆಲಸಗಳಾಗಿವೆ. ಹಿಟ್ಟು ತೆಳುವಾದರೆ ಎಳೆ ಹರಿದು ಹರಡುತ್ತದೆ, ಗಟ್ಟಿಯಾದರೆ ಒಣಗಿದ ಮೇಲೆ ಉದುರುತ್ತದೆ. ನಮ್ಮ ಅಮ್ಮ ಆ ಹದವನ್ನು ಬಾಯಲ್ಲಿ ವಿವರಿಸುವುದಿಲ್ಲ. ನಾರನ್ನು ಹಿಟ್ಟಿನಲ್ಲಿ ಅದ್ದಿ ಎತ್ತಿ, ತುದಿಯಿಂದ ಹನಿ ಬೀಳುವ ಬಗೆಯನ್ನು ನೋಡಿ, ಇನ್ನೊಂದು ಸುತ್ತು ಅರೆಯಲು ಹೇಳುತ್ತಾರೆ. ಅರೆದ ಮಗುವಿಗೆ ಆ ಹದ ಗೊತ್ತಾಗುತ್ತದೆ, ದೂರದಿಂದ ನೋಡಿದ ಮಗುವಿಗೆ ಗೊತ್ತಾಗುವುದಿಲ್ಲ.

ಎಳೆಗಳನ್ನು ಹಾಕುವಾಗ ಅಜ್ಜಿಯರು ಹಾಡುವುದನ್ನು ದಯವಿಟ್ಟು ಪ್ರತ್ಯೇಕ ಸಾಂಸ್ಕೃತಿಕ ಕಾರ್ಯಕ್ರಮವಾಗಿ ಕತ್ತರಿಸಬೇಡಿ. ಕೆಲಸ ನಡೆಯುತ್ತಿರುವಾಗಲೇ ಒಬ್ಬಿಬ್ಬರು ಮಕ್ಕಳು ಹಾಡುಗಳನ್ನು ಬರೆದುಕೊಳ್ಳಲಿ.

ಉತ್ತರ: ಕೌದಿ ಹೊಲಿಯುವ ಮಹಿಳೆಯರ ಜೊತೆಗೆ ಕೆಲಸ ಮಾಡುವವರು, ಯಲ್ಲಾಪುರ

ನಮ್ಮ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವ ಕ್ರಮವನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಒಂದು ದಾರಿ ಸಿಗಬಹುದು. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಹಾಗಾಗಿ ದೊಡ್ಡ ಕೌದಿಯ ಸುತ್ತ ಒಬ್ಬರಿಗಿಂತ ಹೆಚ್ಚು ಜನ ಕೂರಬಹುದು, ಕೈ ಪಳಗದವರ ಹೊಲಿಗೆಗೂ ಅಲ್ಲಿ ಜಾಗವಿರುತ್ತದೆ. ಕಣ್ಣು ಮಂಜಾದವರಿಗೆ ಚಿಕ್ಕವರು ಸೂಜಿಗೆ ದಾರ ಪೋಣಿಸಿಕೊಡುತ್ತಾರೆ. ಮೂಲೆಗಳಿಗೆ ಫೂಲ ಎಂಬ ತ್ರಿಕೋನಾಕಾರದ ತುಂಡುಗಳನ್ನು ಹಾಕದೆ ಕೌದಿ ಮುಗಿಯಿತೆಂದು ಹಿರಿಯರು ಒಪ್ಪುವುದಿಲ್ಲ. ಕೆಲಸ ಯಾವಾಗ ಮುಗಿಯಿತು ಎಂದು ತೀರ್ಮಾನಿಸುವ ಅಧಿಕಾರ ಹಿರಿಯರ ಕೈಯಲ್ಲಿರುವುದು ಬಹಳ ಮುಖ್ಯವೆಂದು ನನಗೆ ಅನ್ನಿಸುತ್ತದೆ. ನಿಮ್ಮ ಯೋಜನೆಯಲ್ಲಿಯೂ ಶಾಲೆಯ ಗಂಟೆಯಾಗಲಿ ಅತಿಥಿಗಳು ಬರುವ ಸಮಯವಾಗಲಿ ಅದನ್ನು ತೀರ್ಮಾನಿಸಬಾರದು.

ಇನ್ನೊಂದು ವಿಷಯ, ಸಂಭಾವನೆ. ಶಾಲೆಗೆ ಬರುವ ಸಂಪನ್ಮೂಲ ವ್ಯಕ್ತಿಗಳಿಗೆ ಗೌರವಧನ ಕೊಡುವಾಗ, ಅಜ್ಜಿಯರಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ ಸಾಕೆಂದು ಭಾವಿಸುವುದು ಸರಿಯಲ್ಲ. ಅವರು ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿರುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸಂಭಾವನೆಯ ವಿಷಯವನ್ನು ಶಾಲಾಭಿವೃದ್ಧಿ ಸಮಿತಿಯ ಮುಂದೆ ಇಡುತ್ತೇನೆ. ಒಂದು ಸಂದೇಹ ಉಳಿದಿದೆ: ತರಗತಿಯಲ್ಲಿ ಬೇರೆ ಸಮುದಾಯಗಳ ಮಕ್ಕಳೂ ಇದ್ದಾರೆ. ಪೂಜೆಗೆ ಒಯ್ಯುವ ಬುಟ್ಟಿಯನ್ನು ಅವರೂ ಬರೆಯಬಹುದೇ? ಯಾರಿಗೂ ನೋವಾಗಬಾರದು, ಯಾವ ಮಗುವೂ ಹೊರಗುಳಿಯಬಾರದು.

ಉತ್ತರ: ಹವ್ಯಾಸಿ ರಂಗಕರ್ಮಿ, ಸಾಗರ

ಇದಕ್ಕೆ ಉತ್ತರವನ್ನು ನಾವು ಇಲ್ಲಿ ಕುಳಿತು ಹೇಳುವುದಕ್ಕಿಂತ ಆ ಅಜ್ಜಿಯರನ್ನೇ ಕೇಳುವುದು ಉತ್ತಮ. ಅದೂ ಯೋಜನೆ ಸಿದ್ಧವಾದ ಮೇಲೆ ಒಪ್ಪಿಗೆಗಾಗಿ ಕೇಳುವುದಲ್ಲ, ಮೊದಲ ಸಭೆಯಲ್ಲಿಯೇ ಕೇಳಬೇಕು. ನಮ್ಮ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ ಊರಿನವರ ಹವ್ಯಾಸಿ ನಾಟಕ ತಂಡವಾಗಿ ಹುಟ್ಟಿ ಬೆಳೆದದ್ದು. ಊರಿನವರೇ ಕೂಡಿ ಮಾಡುವ ನಾಟಕಗಳಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಅರವತ್ತು ದಾಟಿದವರಿಗೂ ಹದಿನಾರರ ಹುಡುಗರಿಗೂ ನಡುವೆ ಸಲಿಗೆ ಬೆಳೆಯುವುದು ಪ್ರದರ್ಶನದ ರಾತ್ರಿಯಲ್ಲಿ ಅಲ್ಲ, ತಾಲೀಮಿನ ಸಂಜೆಗಳಲ್ಲಿ. ಮಾತು ಮರೆತ ಹಿರಿಯರಿಗೆ ಹುಡುಗ ನೆನಪಿಸುತ್ತಾನೆ, ನಿಲ್ಲುವುದು ಹೇಗೆಂದು ಅವರು ಅವನನ್ನು ತಿದ್ದುತ್ತಾರೆ.

ನಿಮ್ಮ ಬುಟ್ಟಿಗೂ ಅಂಥ ಸಂಜೆಗಳು ಬೇಕು. ದಸರಾ ರಜೆಗೆ ಮೊದಲೇ ಸೇರಲು ಆರಂಭಿಸಿ, ಸಾಧ್ಯವಾದರೆ ಶಾಲೆಯ ಬದಲು ಯಾರದಾದರೂ ಮನೆಯ ಜಗಲಿಯಲ್ಲಿ ಸೇರಿ. ಪೂಜೆಯ ಬುಟ್ಟಿ ಮನೆಯವರದಾಗಿಯೇ ಇರಲಿ ಎಂದು ಅಜ್ಜಿಯರು ಹೇಳಿದರೆ, ಎಲ್ಲ ಮಕ್ಕಳೂ ಸೇರಿ ಬರೆಯಲು ಶಾಲೆಯ ಒಂದು ಗೋಡೆಗೆ ಕೆಮ್ಮಣ್ಣು ಬಳಿಸಿ. ಅಲ್ಲಿ ಏನನ್ನು ಬರೆಯಬಹುದು, ಏನನ್ನು ಬರೆಯಬಾರದು ಎಂಬುದನ್ನೂ ಅವರೇ ಹೇಳಲಿ. ನಾನು ವಾರದ ಕೊನೆಯಲ್ಲಿ ಬಿಡುವಾಗಿರುತ್ತೇನೆ. ಮೊದಲ ಸಭೆಯ ದಿನ ಗೊತ್ತಾದರೆ ತಿಳಿಸಿ, ನಡೆಯಲು ಕಷ್ಟವಾಗುವ ಅಜ್ಜಿಯರನ್ನು ಕರೆತರಲು ವಾಹನದ ವ್ಯವಸ್ಥೆ ಮಾಡುತ್ತೇನೆ.