86032 ಮುಗೀತಾ? ತಳಿ ಬದಲಿಸೋದಾ, ಬೀಜ ಬದಲಿಸೋದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಪಾಂಡವಪುರದ ಕಡೆ, ನಾಲೆ ಬಯಲು, 3 ಎಕರೆ ಕಬ್ಬು. ಅಪ್ಪ ಇದ್ದಾಗಿಂದ 86032 ತಳಿಯನ್ನೇ ಹಾಕ್ತಾ ಇದ್ದೇವೆ. ಮೊದಲು ಎಕರೆಗೆ 55 ಟನ್ ಬರ್ತಿತ್ತು, ಹೋದ ಸಲ 36. ಗೊಬ್ಬರ ಕಡಿಮೆ ಮಾಡಿಲ್ಲ, ನೀರೂ ಇದೆ, ಜಲ್ಲೆ ಮಾತ್ರ ವರ್ಷ ವರ್ಷ ಸಣ್ಣ ಆಗ್ತಿದೆ. ಬೀಜ ನಮ್ಮ ಗದ್ದೆಯದ್ದೇ, ಕೂಳೆಯಿಂದ (ಕಡಿದ ಬುಡದಲ್ಲಿ ಮತ್ತೆ ಚಿಗುರಿದ ಬೆಳೆಯಿಂದ) ತೆಗೆದದ್ದೂ ಉಂಟು. ತಳಿಗೆ ವಯಸ್ಸಾಯ್ತು, ಬೇರೆ ಹಾಕು ಅಂತಾರೆ ಊರಲ್ಲಿ. ನಿಜವಾ? ಇನ್ನೊಂದು, ಹೊಸ ತಳಿ ಕೊಡೋಕೆ ನಿಮಗೆ ಯಾಕೆ ಅಷ್ಟು ವರ್ಷ ಬೇಕು? ಬೇಜಾರು ಮಾಡ್ಕೋಬೇಡಿ.

ಉತ್ತರ (ಕಬ್ಬು ತಳಿ ಅಭಿವೃದ್ಧಿಯಲ್ಲಿ ಕೆಲಸ ಮಾಡಿದವರು): ಬೇಜಾರು ಏನಿಲ್ಲ ಗೌಡ್ರೇ, ನಮ್ಮ ಮನೆಯವರೂ ಇದನ್ನೇ ಕೇಳ್ತಿದ್ದರು.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. "ಕೂಳೆಯಿಂದಲೂ ತೆಗೆದದ್ದುಂಟು" ಅಂದಿರಲ್ಲ, ಅಲ್ಲಿ. ತಳಿಗೆ ವಯಸ್ಸಾಗಿಲ್ಲ, ನಿಮ್ಮ ಬೀಜಕ್ಕೆ ರೋಗ ತುಂಬಿದೆ. ಕಬ್ಬನ್ನು ನಾವು ಕಾಳಿನಿಂದ ಬೆಳೆಯೋದಿಲ್ಲ, ಜಲ್ಲೆಯ ತುಂಡಿನಿಂದ ಬೆಳೆಯೋದು. ಹಾಗಾಗಿ ಜಲ್ಲೆಯೊಳಗೆ ಏನು ಸೇರಿಕೊಂಡಿದೆಯೋ ಅದೂ ಜೊತೆಗೇ ಮುಂದಿನ ಬೆಳೆಗೆ ಹೋಗುತ್ತೆ, ಅಲ್ಲಿಂದ ಅದರ ಮುಂದಿನದಕ್ಕೆ. ಕೂಳೆ ಕುಬ್ಜ ರೋಗ ಅಂತ ಒಂದಿದೆ. ಹೆಸರಲ್ಲಿ ಕೂಳೆ ಇದ್ದರೂ ನಾಟಿ ಬೆಳೆಗೂ ಬರುತ್ತೆ, ಬ್ಯಾಕ್ಟೀರಿಯಾದ್ದು. ಹೊರಗೆ ಎಲೆಯಲ್ಲಿ ಏನೂ ಕಾಣಿಸಲ್ಲ, ಅದೇ ಕಷ್ಟ. ಕಬ್ಬು ಸುಮ್ನೆ ಗಿಡ್ಡ ಆಗುತ್ತೆ, ಸಣ್ಣ ಆಗುತ್ತೆ, ರೈತರು ಗೊಬ್ಬರದ ಅಂಗಡಿಗೆ ಓಡ್ತಾರೆ.

ನೋಡೋದು ಹೇಗೆ ಅಂದರೆ, ಬಲಿತ ಜಲ್ಲೆ ಒಂದನ್ನು ಬುಡದ ಕಡೆಯಿಂದ ಉದ್ದಕ್ಕೆ ಸೀಳಿ. ಗೆಣ್ಣಿನ ಹತ್ತಿರ ಸೂಜಿ ಚುಚ್ಚಿದ ಹಾಗೆ ಕಿತ್ತಳೆ-ಕೆಂಪು ಚುಕ್ಕೆಗಳು, ಸಣ್ಣ ಗೀರುಗಳು ಕಂಡರೆ ಅನುಮಾನ ಪಡಿ. ಕಾಣದಿದ್ದರೆ ರೋಗ ಇಲ್ಲ ಅಂತಲ್ಲ, ಎಲ್ಲ ಜಲ್ಲೆಯಲ್ಲೂ ಕಾಣಿಸಲ್ಲ. ಅದೇ ಹೊತ್ತಿಗೆ ಒಳಗಿನ ತಿರುಳೆಲ್ಲ ಕೆಂಪಾಗಿ, ನಡುನಡುವೆ ಅಡ್ಡಡ್ಡ ಬಿಳಿ ಮಚ್ಚೆ ಇದ್ದು, ಹುಳಿ ಹೆಂಡದ ವಾಸನೆ ಹೊಡೆದರೆ ಅದು ಬೇರೆ, ಕೆಂಪು ಕೊಳೆ ರೋಗ. ಆಗ ಆ ತೆಂಡೆ, ಅಂದರೆ ಒಂದೇ ಬುಡದ ಜಲ್ಲೆಗಳ ಗುಂಪನ್ನು, ಬುಡ ಸಮೇತ ಕಿತ್ತು ಸುಡಬೇಕು, ಬೀಜಕ್ಕಂತೂ ಮುಟ್ಟಲೇಬೇಡಿ.

ಈಗ ವರ್ಷಗಳ ಲೆಕ್ಕ. 86032ರಲ್ಲಿ 86 ಅಂದರೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಅದಕ್ಕೆ ನಂಬರ್ ಕೊಟ್ಟ ವರ್ಷ. ಅಧಿಕೃತವಾಗಿ ಬಿಡುಗಡೆ ಆಗಿದ್ದು 2000ದಲ್ಲಿ. 14 ವರ್ಷ! ಅದಕ್ಕೂ ಮುಂಚೆ ಅಡ್ಡ ಹಾಯಿಸಿದ್ದು, ಸಸಿ ಬೆಳೆಸಿದ್ದು ಬೇರೆ. ನಾಟಿ ಒಂದು ವರ್ಷ, ಕೂಳೆ ಒಂದು ವರ್ಷ, ಅದನ್ನೇ ಬೇರೆ ಬೇರೆ ಜಾಗದಲ್ಲಿ ಮತ್ತೆ ಮತ್ತೆ, ನಡುವೆ ರೋಗ ತಾಕಿಸಿ ಪರೀಕ್ಷೆ. ಭತ್ತದ ಹಾಗೆ ವರ್ಷಕ್ಕೆ ಎರಡು ಬೆಳೆ ತೆಗೆದು ಮುಗಿಸೋಕೆ ಆಗಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ಮಧ್ಯೆ ಬಂದೆ ಕ್ಷಮಿಸಿ. ನಮ್ಮ ಗದ್ದೆಯಲ್ಲಿ ಸೂಲಂಗಿ (ಕಬ್ಬಿನ ಹೂವು) ಜೋರಾಗಿ ಬಂದಿದೆ. ಅದರ ಬೀಜ ಚೆಲ್ಲಿದರೆ ಹೊಸ ಕಬ್ಬು ಹುಟ್ಟಲ್ವಾ?

ಉತ್ತರ: ಕೆಲವು ಸಲ ಹುಟ್ಟುತ್ತೆ, ಆದರೆ ಏನು ಹುಟ್ಟುತ್ತೆ ಅಂತ ದೇವರಿಗೇ ಗೊತ್ತು. ಸೂಲಂಗಿಯ ಆ ಬಿಳಿ ಹತ್ತಿಯಂಥದ್ದರಲ್ಲಿ ಧೂಳಿನಷ್ಟು ಸಣ್ಣ ಬೀಜ ಇರುತ್ತೆ. ಒಂದೊಂದು ಬೀಜದ ಗಿಡವೂ ಒಂದೊಂದು ತರ. ಈಗಿನ ಕಬ್ಬಿನಲ್ಲಿ 100ಕ್ಕಿಂತ ಜಾಸ್ತಿ ವರ್ಣತಂತುಗಳಿವೆ, ಮನುಷ್ಯನಿಗೆ 46 ಅಷ್ಟೇ. ಸಿಹಿ ಕಬ್ಬು ಒಂದು ಕಡೆ, ಹೊಳೆ ದಂಡೆಯ ಹುಲ್ಲಿನಂಥ ಕಾಡು ಕಬ್ಬು ಇನ್ನೊಂದು ಕಡೆ, ಎರಡರ ರಕ್ತವೂ ಇದರಲ್ಲಿದೆ. 1912ರಲ್ಲಿ ಕೊಯಮತ್ತೂರಿನಲ್ಲಿ ಶುರುವಾದ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅನ್ನೋ ವಿಜ್ಞಾನಿಗಳು ಇವೆರಡನ್ನೂ ಕೂಡಿಸಿದರು. 1918ರಲ್ಲಿ ಬಂದ ಕೋ 205 ತಳಿ ಹುಟ್ಟಿದ್ದು ಹಾಗೆ. ಸಿಹಿ ಒಬ್ಬರದ್ದು, ಗಟ್ಟಿತನ ಒಬ್ಬರದ್ದು. ಸಾವಿರಾರು ಸಸಿ ಬೆಳೆಸಿ, ಬಹುತೇಕ ಎಲ್ಲವನ್ನೂ ಕಿತ್ತು ಬಿಸಾಕೋದೇ ನಮ್ಮ ಕಸುಬು ಅಂದುಕೊಳ್ಳಿ. ನೀವು ಮೊದಲು ಆ ಕಬ್ಬು ಕಡಿಸಿ. ಸೂಲಂಗಿ ಬಂದ ಮೇಲೆ ಜಾಸ್ತಿ ದಿನ ಬಿಟ್ಟರೆ ಒಳಗೆ ಬೆಂಡು ಬೀಳುತ್ತೆ, ತೂಕ ನಿಮಗೇ ನಷ್ಟ.

ಮೊದಲ ಪ್ರಶ್ನೆಯವರು: ಹಾಗಾದರೆ 0238 ತಳಿ ತರಿಸಿದರೆ ಹೇಗೆ ಸರ್? ಉತ್ತರ ಪ್ರದೇಶದಲ್ಲಿ ಅದೇ ಅಂತೆ, ರಿಕವರಿ (ಕಬ್ಬಿನಿಂದ ಸಿಗೋ ಸಕ್ಕರೆ) ಜಾಸ್ತಿ ಅಂತೆ.

ಉತ್ತರ: ಬೇಡ. ಒಳ್ಳೆ ತಳಿಯೇ, ಕರ್ನಾಲ್ ಕೇಂದ್ರದ್ದು, 2009ರಲ್ಲಿ ಬಂತು. ಆದರೆ ಅದನ್ನು ಕೊಟ್ಟದ್ದು ಉತ್ತರದ ಹವೆಗೆ. ಅಲ್ಲಿ ಎಲ್ಲರೂ ಅದೊಂದನ್ನೇ ಹಾಕಿದರು, ಕೆಂಪು ಕೊಳೆ ಹೊಕ್ಕಿತು, ಈಗ ಅದನ್ನು ಬಿಡಿಸೋಕೆ ಒದ್ದಾಡ್ತಿದ್ದಾರೆ. ಲಾರಿಯಲ್ಲಿ ಬೀಜ ತರಿಸಿದರೆ ಆ ರೋಗವನ್ನೂ ಬಾಡಿಗೆ ಕೊಟ್ಟು ತರಿಸಿದ ಹಾಗೆ. ಬದಲಿಸಲೇಬೇಕು ಅಂದರೆ ನಿಮ್ಮ ಪಕ್ಕದಲ್ಲೇ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಇದೆ, ಹೋಗಿ ಅವರ ತಾಕು ನೋಡಿ, ಅವರದ್ದೇ ತಳಿಗಳಿವೆ. ಚೌಳು ಗದ್ದೆ ಇದ್ದವರು ಮಹಾರಾಷ್ಟ್ರದ ಪಾಡೆಗಾಂವ್‌ನ 265 ತಳಿ ವಿಚಾರಿಸಬಹುದು. ಯಾವುದೇ ಆದರೂ ಹತ್ತು ಗುಂಟೆಯಲ್ಲಿ ಹಾಕಿ ನೋಡಿ, ಮೂರೆಕರೆಯಲ್ಲಿ ಅಲ್ಲ.

ನನ್ನನ್ನು ಕೇಳಿದರೆ 86032 ಇರಲಿ, ಬೀಜ ಬದಲಿಸಿ. ಎಕರೆಗೆ 4-5 ಗುಂಟೆಯಂತೆ ಬೀಜದ ತಾಕು ಬೇರೆ ಮಾಡಿ. 1 ಗುಂಟೆ ಕಬ್ಬು ಹೆಚ್ಚುಕಡಿಮೆ 8ರಿಂದ 10 ಗುಂಟೆಗೆ ಬೀಜ ಆಗುತ್ತೆ. ಆ ತಾಕಿಗೆ ಊತಕ ಕೃಷಿಯ (ಟಿಶ್ಯೂ ಕಲ್ಚರ್) ಸಸಿ ಹಾಕಿ, ಇಲ್ಲವೇ ಬಿಸಿನೀರಿನ ಉಪಚಾರ ಆದ ತುಂಡು. 8-10 ತಿಂಗಳಿಗೆ ಅದನ್ನೇ ಕಡಿದು ಬೀಜ ಮಾಡಿಕೊಳ್ಳಿ, ಕೂಳೆಯದ್ದು ಬೇಡವೇ ಬೇಡ.

ಮೊದಲ ಪ್ರಶ್ನೆಯವರು: ಬಿಸಿನೀರು ಮನೆಯಲ್ಲೇ ಡ್ರಮ್ಮಿನಲ್ಲಿ ಕಾಯಿಸಬಹುದಾ?

ಉತ್ತರ: ನೀರಿನ ಕಾವು 50 ಡಿಗ್ರಿಯಲ್ಲಿ 2 ಗಂಟೆ ಏರುಪೇರಾಗದೆ ನಿಲ್ಲಬೇಕು. ಜಾಸ್ತಿ ಆದರೆ ಕಬ್ಬಿನ ಕಣ್ಣು (ಮೊಳಕೆ ಬರೋ ಜಾಗ) ಬೆಂದು ಹೋಗುತ್ತೆ, ಕಡಿಮೆ ಆದರೆ ರೋಗ ಸಾಯಲ್ಲ. ಸೌದೆ ಒಲೆಯಲ್ಲಿ ಅದು ಆಗದ ಮಾತು. ಯಂತ್ರ ಇರುವ ಸಂಶೋಧನಾ ಕೇಂದ್ರದಲ್ಲೋ ಕಾರ್ಖಾನೆಯಲ್ಲೋ ಮಾಡಿಸಿ. ವೈರಸ್ ಇದ್ದರೆ ಇದರಿಂದ ಹೋಗಲ್ಲ, ಅದಕ್ಕೆ ಊತಕ ಕೃಷಿಯ ಸಸಿಯೇ ವಾಸಿ.

ಮೊದಲ ಪ್ರಶ್ನೆಯವರು (ಮಾರನೇ ದಿನ): ಸರ್, ಆರು ಜಲ್ಲೆ ಸೀಳಿದೆ. ನಾಲ್ಕರಲ್ಲಿ ನೀವು ಹೇಳಿದ ಚುಕ್ಕೆ ಇದೆ. ವಾಸನೆ ಇಲ್ಲ. ಪಕ್ಕದ ಹೊಸ ನಾಟಿಯಲ್ಲೂ ಎರಡು ಕಡಿದು ನೋಡಿದೆ, ಚೊಕ್ಕ ಇದೆ.

ಉತ್ತರ: ಅದೇ ಮಚ್ಚಿನಲ್ಲಾ? ಈ ರೋಗ ಒಂದು ತೆಂಡೆಯಿಂದ ಇನ್ನೊಂದಕ್ಕೆ ಹೋಗೋದೇ ಮಚ್ಚಿನ ಬಾಯಿಗೆ ಅಂಟಿದ ರಸದಲ್ಲಿ. ಹೊಸ ನಾಟಿಯಲ್ಲಿ ನೀವು ಕಡಿದ ಆ ಎರಡು ತೆಂಡೆಗೆ ಗುರುತು ಕಟ್ಟಿ, ಅವುಗಳಿಂದ ಬೀಜ ತೆಗೀಬೇಡಿ. ಮಚ್ಚು ಈಗಲೇ ಬೆಂಕಿಗೆ ಹಿಡಿಯಿರಿ. ಕಡಿಯೋ ಆಳುಗಳು ಬಂದಾಗ ಬದುವಿನ ಮೇಲೆ ಒಂದು ಬಕೆಟ್ ಡೆಟಾಲ್ ನೀರು ಇಟ್ಟು, ಒಂದು ತಾಕಿನಿಂದ ಇನ್ನೊಂದಕ್ಕೆ ಹೋಗುವಾಗ ಅದ್ದಿಸಿ. ಮೊದಲ ದಿನ ನಗ್ತಾರೆ, ಅದ್ದಿಸಿ.