ಕನ್ನಡ ಮಾಧ್ಯಮದಿಂದ ಬಂದ ನನ್ನನ್ನು ಕಾಡುತ್ತಿರುವುದು ಸಂಕೋಚವೋ, ಕೀಳರಿಮೆಯೋ?

ಪ್ರಶ್ನೆ:
ಹತ್ತನೇ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ನಾನು ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಒಳ್ಳೆಯ ಅಂಕ ಬಂದರೆ ಪ್ರಶ್ನೆಪತ್ರಿಕೆ ಸುಲಭವಾಗಿತ್ತೆಂದೂ, ಕಡಿಮೆ ಬಂದರೆ ನನ್ನ ಯೋಗ್ಯತೆಯೇ ಅಷ್ಟೆಂದೂ ಅನ್ನಿಸುತ್ತದೆ. ಇದನ್ನು ಏನೆಂದು ತಿಳಿಯಲಿ?

ಉತ್ತರ 1:
ನಿಮ್ಮ ಅಂಕಗಳ ಮಾತಿನಲ್ಲೇ ಸುಳಿವು ಇದೆ. ಸಂಕೋಚವುಳ್ಳವರು ಮಾತನಾಡಲು ಹಿಂಜರಿದರೂ ತಮ್ಮ ಗೆಲುವನ್ನು ತಮ್ಮದೆಂದು ಒಪ್ಪಿಕೊಳ್ಳಬಲ್ಲರು. ಕೀಳರಿಮೆಯಾದರೋ ಗೆಲುವನ್ನು ಅದೃಷ್ಟದ ಲೆಕ್ಕಕ್ಕೂ ಸೋಲನ್ನು ಸ್ವಂತ ಲೆಕ್ಕಕ್ಕೂ ಬರೆಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ, 10 ಹೇಳಿಕೆಗಳುಳ್ಳ ಆತ್ಮಗೌರವ ಮಾಪಕ ಇಂದಿಗೂ ಬಳಕೆಯಲ್ಲಿದೆ. ಅದು ರೋಗನಿರ್ಣಯವಲ್ಲ, ತನ್ನ ಬಗ್ಗೆ ತನಗಿರುವ ಭಾವನೆಯನ್ನು ಅಳೆಯುವ ಸಾಧನ.

ಉತ್ತರ 2:
ತಂಗಿ, ನಾನೂ ಇದೇ ದಾರಿಯಲ್ಲಿ ನಡೆದು ಬಂದವಳು. ಮೌಖಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ತಡವರಿಸಿದಾಗಲೆಲ್ಲ ‘ನಾನು ದಡ್ಡಿ’ ಎಂದುಕೊಳ್ಳುತ್ತಿದ್ದೆ. ಆಪ್ತ ಸಮಾಲೋಚಕರ ಸಲಹೆಯಂತೆ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಪರವಾಗಿ ಮತ್ತು ವಿರುದ್ಧವಾಗಿ ಇರುವ ಪುರಾವೆಗಳನ್ನು ಎದುರುಬದುರಾಗಿ ದಾಖಲಿಸತೊಡಗಿದ ಮೇಲೆ, ಕೊರತೆ ಇದ್ದದ್ದು ಭಾಷೆಯ ರೂಢಿಯಲ್ಲೇ ಹೊರತು ಬುದ್ಧಿಯಲ್ಲಲ್ಲ ಎಂಬುದು ನಿಧಾನವಾಗಿ ಕಾಣಿಸಿತು. ವಾರಕ್ಕೊಂದು ಪ್ರಶ್ನೆಯನ್ನಾದರೂ ತರಗತಿಯಲ್ಲಿ ಕೇಳಿ. ಮೊದಲ ತಿಂಗಳು ಕಷ್ಟವೇ.

ಉತ್ತರ 3:
ನಿದ್ದೆ, ಊಟ ತಪ್ಪುತ್ತಿದ್ದರೆ, ಬದುಕೇ ಬೇಡವೆನಿಸಿದರೆ ಒಬ್ಬರೇ ಹೆಣಗಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.