ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ನಡೆದವರ ಕುರಿತ ಚಿತ್ರಗಳು: ಸಲಹೆ ಬೇಕಾಗಿದೆ

ಪ್ರಶ್ನೆ: ಹಾನಗಲ್ಲ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತಿಂಗಳಿಗೆ ಒಂದು ಶನಿವಾರ ಸಂಜೆ ಇಲ್ಲಿಯ ವಿದ್ಯಾರ್ಥಿನಿಲಯದ ಗೋಡೆಗೆ ಬಿಳಿ ಧೋತರ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರಿನಲ್ಲಿ ಮಕ್ಕಳಿಗೆ ಒಂದು ಚಿತ್ರ ತೋರಿಸುತ್ತೇವೆ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಸುಮಾರು ಅರವತ್ತು ಮಕ್ಕಳು ಕೂಡುತ್ತಾರೆ. ಅವರಲ್ಲಿ ಬಹಳಷ್ಟು ಜನರ ತಾಯಂದಿರು ಹೊಲದ ಕೂಲಿಗೆ ಹೋಗುವವರು, ಕೆಲವರ ತಾಯಂದಿರು ಹುಬ್ಬಳ್ಳಿಯಲ್ಲಿ ಮನೆಗೆಲಸಕ್ಕೆ ಇರುವವರು, ಇಬ್ಬರು ಮೂವರ ತಂದೆಯರು ಪೌರಕಾರ್ಮಿಕರು.

ಕಳೆದ ತಿಂಗಳು ತರಗತಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ವಿಷಯ ಬಂದಾಗ, 1955ರ ಡಿಸೆಂಬರಿನಲ್ಲಿ ಅಲಬಾಮಾ ರಾಜ್ಯದ ಮಾಂಟ್ಗೊಮರಿಯ ಕಪ್ಪು ಜನರು ಬಸ್ಸು ಹತ್ತುವುದನ್ನು ಬಿಟ್ಟು, 381 ದಿನ ಹಾಗೆಯೇ ಗಟ್ಟಿಯಾಗಿ ನಿಂತರೆಂದು ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಅಷ್ಟು ದಿನ ಅವರು ಕೆಲಸಕ್ಕ ಹ್ಯಾಂಗ ಹೋದ್ರು ಸರ?" ಎಂದು ಕೇಳಿದಳು. ನಡೆದು ಹೋದರೆಂದು ಉತ್ತರ ಕೊಟ್ಟೆನಾದರೂ, ಯಾರು ನಡೆದರು, ಎಷ್ಟು ದೂರ ನಡೆದರು, ತಡವಾದ ದಿನ ಮನೆಯೊಡತಿ ಏನೆಂದಳು ಎಂಬುದರ ಬಗ್ಗೆ ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಗಾಂಧೀಜಿಯವರೊಡನೆ ದಂಡಿಗೆ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರೆಂಬುದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುವ ನಾನು, ಬೇರೊಂದು ದೇಶದ ಚಳವಳಿಯನ್ನು ಕಲಿಸುವಾಗ ಮುಂದಾಳುವಿನ ಹೆಸರಿಗೇ ನಿಂತುಬಿಟ್ಟೆನಲ್ಲ ಎಂಬ ಕೊರಗು ಅಂದಿನಿಂದ ಇದೆ.

ಆದ್ದರಿಂದ ಅಡುಗೆಯವರು, ಕಸ ಹೊರುವವರು, ಕೂಲಿಗಳು, ವಿದ್ಯಾರ್ಥಿಗಳು ಇಂಥವರನ್ನು ನಡುವೆ ಇಟ್ಟುಕೊಂಡ ಚಿತ್ರಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಎಂಟು ಗಂಟೆಗೆ ಊಟದ ಗಂಟೆ ಹೊಡೆಯುವುದರಿಂದ ಎರಡು ತಾಸಿಗಿಂತ ಹೆಚ್ಚಿನ ಚಿತ್ರ ಬೇಡ. ಮಾತುಗಳನ್ನು ನಾನೇ ನಿಂತು ಕನ್ನಡದಲ್ಲಿ ಹೇಳುತ್ತೇನೆ.

ಉತ್ತರ 1: ಸಪ್ತಾಪುರದ ಓದುಗಿ, ಧಾರವಾಡ

ಮಾಸ್ತರರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಕಥೆಯಾಗಿಸಿಕೊಂಡ ಚಿತ್ರವೊಂದಿದೆ: 1990ರಲ್ಲಿ ಬಂದ, ರಿಚರ್ಡ್ ಪಿಯರ್ಸ್ ನಿರ್ದೇಶನದ 'ದಿ ಲಾಂಗ್ ವಾಕ್ ಹೋಮ್'. ವೂಪಿ ಗೋಲ್ಡ್‌ಬರ್ಗ್ ಅವರು ಒಡೆಸ್ಸಾ ಎಂಬ ಮನೆಗೆಲಸದ ಹೆಂಗಸಾಗಿಯೂ, ಸಿಸ್ಸಿ ಸ್ಪೇಸೆಕ್ ಅವರು ಆ ಮನೆಯ ಒಡತಿ ಮಿರಿಯಮ್ ಆಗಿಯೂ ಅಭಿನಯಿಸಿದ್ದಾರೆ. ಬಸ್ಸು ಬಿಟ್ಟ ದಿನದಿಂದ ಒಡೆಸ್ಸಾ ಬೆಳಿಗ್ಗೆ ನಡೆದು ಬರುತ್ತಾಳೆ, ದಿನವಿಡೀ ಬಿಳಿಯರ ಮನೆಯಲ್ಲಿ ದುಡಿದು ಸಂಜೆ ನಡೆದೇ ಹಿಂದಿರುಗುತ್ತಾಳೆ. ಮನೆಯ ಕೆಲಸ ಕೆಡಬಾರದೆಂಬ ಸ್ವಂತ ಅನುಕೂಲಕ್ಕಾಗಿ ಮಿರಿಯಮ್ ವಾರದಲ್ಲಿ ಕೆಲವು ದಿನ ಅವಳನ್ನು ಕಾರಿನಲ್ಲಿ ಕರೆತರಲು ಶುರು ಮಾಡುತ್ತಾಳೆ. ಅದು ಗಂಡನಿಗೆ ತಿಳಿದು ಜಗಳವಾಗುತ್ತದೆ. ಕೊನೆಗೆ ಅವಳು ಚಳವಳಿಯವರ ಕಾರುಗಳ ಸಾಲಿನಲ್ಲಿಯೇ ತನ್ನ ಕಾರನ್ನೂ ತಂದು ನಿಲ್ಲಿಸುತ್ತಾಳೆ.

ಈ ಚಿತ್ರದಲ್ಲಿ ಒಂದು ಕೊರತೆ ಇದೆ ಎಂಬುದನ್ನು ಮುಚ್ಚಿಡಲಾರೆ. ಕಥೆಯನ್ನು ಹೇಳುವ ದನಿ ಮಿರಿಯಮ್ಮಳ ಮಗಳದು. ಮನಸ್ಸು ಬದಲಾಗುವ ಪ್ರಸಂಗಗಳೆಲ್ಲ ಒಡತಿಗೆ ಒದಗುತ್ತವೆ, ಕಾಲು ನೋಯುವುದು ಮಾತ್ರ ಒಡೆಸ್ಸಾಳಿಗೆ. ಹೀಗಿದ್ದೂ ನಾನು ಇದನ್ನೇ ಮೊದಲು ಸೂಚಿಸುವುದಕ್ಕೆ ಕಾರಣವೆಂದರೆ, ಸಂಜೆಯಾದಾಗ ಕ್ಯಾಮೆರಾ ಒಡತಿಯ ಮನೆಯಲ್ಲಿಯೇ ಉಳಿದುಬಿಡದೆ ಒಡೆಸ್ಸಾಳ ಹಿಂದೆ ಅವಳ ಮನೆಗೂ ಹೋಗುತ್ತದೆ. ಅಲ್ಲಿ ಅವಳ ಗಂಡನಿದ್ದಾನೆ, ಮಕ್ಕಳಿದ್ದಾರೆ, ಮಗಳೊಬ್ಬಳು ನಿರ್ಧಾರ ಮೀರಿ ಗುಟ್ಟಾಗಿ ಬಸ್ಸು ಹತ್ತಿ ಪೇಚಿಗೆ ಸಿಲುಕುವ ಪ್ರಸಂಗವಿದೆ. ಸಾಮಾನ್ಯ ಜನರ ಚಿತ್ರವೆಂದು ಹೆಸರಾದ ಎಷ್ಟೋ ಚಿತ್ರಗಳಲ್ಲಿ ಕೆಲಸದವಳು ಹಿತ್ತಲ ಬಾಗಿಲು ದಾಟಿದ ಕೂಡಲೇ ಕಣ್ಮರೆಯಾಗುತ್ತಾಳೆ.

ಕ್ರಿಸ್‌ಮಸ್ ಊಟದ ದೃಶ್ಯದಲ್ಲಿ ದಯವಿಟ್ಟು ಚಿತ್ರವನ್ನು ಒಂದು ನಿಮಿಷ ನಿಲ್ಲಿಸಿರಿ. ಬೀಗರು ನೆಂಟರು ಕುಳಿತು ಕಪ್ಪು ಜನರ ಬಗ್ಗೆ ಬಾಯಿಗೆ ಬಂದಂತೆ ಆಡುತ್ತಿರುವಾಗ, ಬಡಿಸುತ್ತಿರುವವಳಿಗೂ ಕಿವಿಗಳಿವೆ ಎಂಬ ಅರಿವು ಅವರಲ್ಲಿ ಯಾರಿಗೂ ಇರುವುದಿಲ್ಲ. ನನ್ನ ತವರುಮನೆಯಲ್ಲಿ ಭಾಂಡೆ ತಿಕ್ಕಲು ಬರುತ್ತಿದ್ದ ಮುದುಕಿಯ ಚಹಾದ ಬಟ್ಟಲನ್ನು ಹಿತ್ತಲ ಗೋಡೆಯ ಮಾಡದಲ್ಲಿ ಬೇರೆಯಾಗಿ ಇಡುತ್ತಿದ್ದರು. ಆಕೆಯ ಎದುರಿನಲ್ಲಿಯೇ ಆಕೆಯ ಜನರ ಬಗ್ಗೆ ಹಿರಿಯರು ಮಾತನಾಡುತ್ತಿದ್ದುದು ಆ ದೃಶ್ಯವನ್ನು ನೋಡುವಾಗ ನೆನಪಾಗಿ, ನಾನು ಬಹಳ ಹೊತ್ತು ಎದ್ದೇಳಲಿಲ್ಲ.

ಹುಡುಗಿಯ ಪ್ರಶ್ನೆಗೆ ಇತಿಹಾಸದ ಉತ್ತರವೂ ಇದೆ, ಅದನ್ನು ಚಿತ್ರಕ್ಕೆ ಮೊದಲು ಹೇಳಿದರೆ ಒಳಿತು. ಮಾಂಟ್ಗೊಮರಿಯ ಬಸ್ಸುಗಳಲ್ಲಿ ಹೋಗುತ್ತಿದ್ದವರ ಪೈಕಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನರೇ ಆಗಿದ್ದರು. ಬಸ್ಸಿನಲ್ಲಿ ಬಿಳಿಯನಿಗೆ ತಮ್ಮ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆಯ ಬಂಧನವಾದ ರಾತ್ರಿ ಕಾಲೇಜಿನ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಅವರು ಬೆಳಗಿನವರೆಗೆ ಕುಳಿತು ಸಾವಿರಾರು ಕರಪತ್ರಗಳನ್ನು ಯಂತ್ರದಲ್ಲಿ ತೆಗೆದರು. ಮೊದಲ ದಿನಗಳಲ್ಲಿ ಕಪ್ಪು ಟ್ಯಾಕ್ಸಿ ಚಾಲಕರು ಬಸ್ಸಿನ ದರವಾದ ಹತ್ತು ಸೆಂಟಿಗೇ ಜನರನ್ನು ಸಾಗಿಸಿದರು, ಅದಕ್ಕೆ ಅಧಿಕಾರಿಗಳು ಅಡ್ಡಗಾಲು ಹಾಕಿದಾಗ ಇದ್ದವರ ಕಾರುಗಳನ್ನು ಸರದಿಯ ಮೇಲೆ ಓಡಿಸುವ ವ್ಯವಸ್ಥೆ ಬೆಳೆಯಿತು. ಅದರ ಎಣ್ಣೆಯ ಖರ್ಚಿಗೆ ಹಣ ಎಲ್ಲಿಂದ ಬಂತೆಂದು ಮಕ್ಕಳು ಕೇಳಿದರೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆಯ ಕಥೆ ಹೇಳಿರಿ. ಆಕೆ ಮತ್ತು ಆಕೆಯ ಜೊತೆಗಾತಿಯರು ಕೋಳಿ, ಕೇಕು, ಕಡುಬುಗಳನ್ನು ಮಾಡಿ ಮಾರಿ, ಬಂದ ಹಣವನ್ನು ಚಳವಳಿಗೆ ಕೊಡುತ್ತಿದ್ದರು. ಆ ಕೂಟಕ್ಕೆ ಅವರು ಇಟ್ಟ ಹೆಸರು 'ಕ್ಲಬ್ ಫ್ರಮ್ ನೋವೇರ್', ಅಂದರೆ 'ಎಲ್ಲಿಂದಲೂ ಬಾರದ ಕೂಟ'. ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎಂದರೆ ಸುಳ್ಳಾಗುತ್ತಿರಲಿಲ್ಲ, ಯಾರ ಕೆಲಸವೂ ಹೋಗುತ್ತಿರಲಿಲ್ಲ. ಖಾನಾವಳಿ ನಡೆಸಿ, ರೊಟ್ಟಿ ಬಡಿದು ಮಕ್ಕಳನ್ನು ಓದಿಸಿದ ಹೆಂಗಸರು ಹುಬ್ಬಳ್ಳಿ-ಧಾರವಾಡದ ಓಣಿಓಣಿಗಳಲ್ಲಿ ಇರುವುದರಿಂದ, ನಿಮ್ಮ ಮಕ್ಕಳಿಗೆ ಈಕೆ ಯಾರೆಂಬುದು ಕೂಡಲೇ ತಿಳಿಯುತ್ತದೆ.

ಉತ್ತರ 2: ಬೆಟಗೇರಿ ಮಗ್ಗ, ಗದಗ

ಪೌರಕಾರ್ಮಿಕರ ಮಕ್ಕಳೂ ಇದ್ದಾರೆಂದು ನೀವು ಬರೆದಿರುವುದರಿಂದ ನಾನು ಒಂದು ಸಾಕ್ಷ್ಯಚಿತ್ರವನ್ನು ಸೂಚಿಸುತ್ತೇನೆ: 1993ರ 'ಅಟ್ ದ ರಿವರ್ ಐ ಸ್ಟ್ಯಾಂಡ್'. ಒಂದು ತಾಸಿಗಿಂತ ಕಡಿಮೆ ಅವಧಿಯದು. 1968ರ ಫೆಬ್ರುವರಿ 1ರಂದು ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಸ ಸಾಗಿಸುವ ಕೆಲಸಗಾರರು, ಮಳೆಯಿಂದ ತಪ್ಪಿಸಿಕೊಳ್ಳಲು ಲಾರಿಯ ಹಿಂಭಾಗದಲ್ಲಿ ನಿಂತಿದ್ದಾಗ, ಕಸವನ್ನು ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಅದರೊಳಗೆ ಸಿಕ್ಕು ಸತ್ತರು. ಅದೇ ತಿಂಗಳ 12ರಂದು ಸುಮಾರು 1300 ಕೆಲಸಗಾರರು ಕೆಲಸ ನಿಲ್ಲಿಸಿದರು. ಪೂರ್ಣಾವಧಿ ದುಡಿದೂ ಸರಕಾರದ ಬಡವರ ನೆರವಿಗೆ ಅರ್ಹರಾಗುವಷ್ಟು ಕಡಿಮೆ ಪಗಾರದ ಜನ ಅವರಲ್ಲಿ ಬಹಳ ಇದ್ದರು. ಸೋರುವ ಕಸದ ತೊಟ್ಟಿಗಳನ್ನು ತಲೆಯ ಮೇಲೆ, ಹೆಗಲ ಮೇಲೆ ಹೊತ್ತು ತರುತ್ತಿದ್ದವರು ಅವರು.

ಆ ಮುಷ್ಕರದಲ್ಲಿ ಅವರು ಕೊರಳಿಗೆ ಕಟ್ಟಿಕೊಂಡ ಫಲಕದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಕನ್ನಡಕ್ಕೆ ತರುವುದು ನಿಮ್ಮ ಪಾಲಿಗೆ ಬರುತ್ತದೆ. 'ಐ ಆ್ಯಮ್ ಎ ಮ್ಯಾನ್' ಎಂಬುದನ್ನು 'ನಾನು ಮನುಷ್ಯ' ಎಂದರೆ ಅರ್ಧ ಅರ್ಥ ಬಂದಂತೆ. ಆ ಸೀಮೆಯಲ್ಲಿ ಐವತ್ತು ದಾಟಿದ, ಮೊಮ್ಮಕ್ಕಳನ್ನು ಕಂಡ ಕಪ್ಪು ಮನುಷ್ಯನನ್ನೂ ಬಿಳಿಯರು 'ಹುಡುಗಾ' ಎಂದೇ ಕೂಗುತ್ತಿದ್ದರು. ನಾನು ಹುಡುಗನಲ್ಲ, ವಯಸ್ಸಿಗೆ ಬಂದ ಗೃಹಸ್ಥ ಎಂಬ ಉತ್ತರವೂ ಆ ಫಲಕದಲ್ಲಿದೆ. ಗೌಡಿಕೆಯ ಮನೆಗಳ ಕಟ್ಟೆಯ ಮುಂದೆ ನನ್ನ ಅಜ್ಜನನ್ನು, ಅವನ ಮೊಮ್ಮಗನ ವಯಸ್ಸಿನವರು ಏಕವಚನದಲ್ಲಿ ಕರೆಯುತ್ತಿದ್ದುದನ್ನು ನಾನು ಕೇಳಿದ್ದೇನೆ. ಅಜ್ಜ ಪ್ರತಿ ಸಲವೂ "ಬಂದೆ ರೀ" ಎಂದು ಎದ್ದು ಹೋಗುತ್ತಿದ್ದ.

ಕಿಂಗ್ ಅವರು ಈ ಕೆಲಸಗಾರರ ಬೆಂಬಲಕ್ಕೆ ಬಂದಿದ್ದಾಗಲೇ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಹಾಗಾಗಿ ಮೆಂಫಿಸ್ ಎಂದರೆ ಜನರಿಗೆ ಅವರ ಸಾವು ಮಾತ್ರ ನೆನಪಾಗುತ್ತದೆ. ಆದರೆ ಏಪ್ರಿಲ್ 16ರಂದು ಸಂಘಕ್ಕೆ ಮಾನ್ಯತೆ ಸಿಕ್ಕು, ಪಗಾರ ಏರಿ, ಕೆಲಸಗಾರರು ಮತ್ತೆ ಲಾರಿ ಹತ್ತಿದರು. ಆ ದಿನಾಂಕವನ್ನೂ ಮಕ್ಕಳು ಬರೆದುಕೊಳ್ಳಲಿ.

ಉತ್ತರ 3: ಕೇಶ್ವಾಪುರ, ಹುಬ್ಬಳ್ಳಿ

'ಮಿಸಿಸಿಪ್ಪಿ ಬರ್ನಿಂಗ್' ಚಿತ್ರವನ್ನು ಯಾರೂ ಹೇಳದಿರುವುದು ಆಶ್ಚರ್ಯ. 1988ರ ಚಿತ್ರ, ಬಿಗಿಯಾದ ಕಥನ. ಮಕ್ಕಳು ಕಣ್ಣು ಕೀಳದೆ ನೋಡುತ್ತಾರೆ.

ಉತ್ತರ 4: ಗ್ಯಾಂಗ್‌ಮನ್ನನ ಮಗ, ಹುಬ್ಬಳ್ಳಿ

ಕೇಶ್ವಾಪುರದ ಗೆಳೆಯರೇ, ಕಥನದ ಬಿಗಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಮಾಸ್ತರರು ಕೇಳಿದ್ದಕ್ಕೆ ಅದು ಉತ್ತರವಾಗಲಾರದು. 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಜೇಮ್ಸ್ ಚೇನಿ, ಆ್ಯಂಡ್ರೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಮೂವರು ತರುಣರ ಕೊಲೆಯಾಯಿತು. ಆ ಚಿತ್ರ ಅಲ್ಲಿಂದ ಹೊರಟು, ತನಿಖೆಗೆ ಬಂದ ಇಬ್ಬರು ಬಿಳಿಯ ಎಫ್‌ಬಿಐ ಅಧಿಕಾರಿಗಳ ಸಾಹಸವಾಗಿ ಮುಗಿಯುತ್ತದೆ. ಊರಿನ ಕಪ್ಪು ಜನರು ಅದರಲ್ಲಿ ಹೆದರುತ್ತಾರೆ, ಹೊಡೆತ ತಿನ್ನುತ್ತಾರೆ, ಅಧಿಕಾರಿಗಳ ದಾರಿ ಕಾಯುತ್ತಾರೆ. ನಿಜದಲ್ಲಿ ಆಗಿದ್ದುದು ಬೇರೆ. 1962ರಲ್ಲಿ ಆ ರಾಜ್ಯದ ಮತದಾರರ ಪಟ್ಟಿಯಲ್ಲಿದ್ದವರು ಅರ್ಹ ಕಪ್ಪು ಜನರ ಪೈಕಿ ನೂರಕ್ಕೆ ಏಳಕ್ಕಿಂತ ಕಡಿಮೆ. ಆ ವರ್ಷದ ಆಗಸ್ಟಿನಲ್ಲಿ ಹತ್ತಿಯ ಹೊಲದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ ಎಂಬ ಹೆಂಗಸು ಹೆಸರು ನೋಂದಾಯಿಸಲು ಹೋದದ್ದಕ್ಕೆ ಇದ್ದ ಮನೆ, ಇದ್ದ ಕೆಲಸ ಎರಡನ್ನೂ ಕಳೆದುಕೊಂಡರು. ಮರುವರ್ಷ ಜೈಲಿನಲ್ಲಿ ಮೈ ಮುರಿಯುವಂತೆ ಹೊಡೆಸಿಕೊಂಡರು. ಅದಾದ ಮೇಲೂ ಹಿಂದೆ ಸರಿಯಲಿಲ್ಲ. ಅಂಥವರಿದ್ದ ಸೀಮೆಯ ಕಥೆಯನ್ನು, ಅಲ್ಲಿಯ ಜನ ಕೈಕಟ್ಟಿ ಕುಳಿತಿದ್ದರೆಂಬಂತೆ ಮಕ್ಕಳ ಮುಂದೆ ಇಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನನ್ನ ಮನಸ್ಸಿನ ಚಿತ್ರ ಮೈಕೆಲ್ ರೋಮರ್ ಅವರ 'ನಥಿಂಗ್ ಬಟ್ ಎ ಮ್ಯಾನ್', 1964ರದು, ಕಪ್ಪು-ಬಿಳುಪಿನದು. ರೋಮರ್ ಅವರು ಬಾಲಕನಾಗಿದ್ದಾಗ ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯೆಹೂದಿ. ಚಿತ್ರದ ನಾಯಕ ಡಫ್ ಅಲಬಾಮಾದಲ್ಲಿ ರೈಲು ಹಳಿಗಳ ದುರಸ್ತಿ ಮಾಡುವ ಗ್ಯಾಂಗಿನ ಕೂಲಿ. ಶಾಲೆಯ ಶಿಕ್ಷಕಿಯೊಬ್ಬಳನ್ನು ಮದುವೆಯಾಗಿ ಊರಲ್ಲಿ ನೆಲೆ ನಿಲ್ಲಲು ಗ್ಯಾಂಗು ಬಿಡುತ್ತಾನೆ. ಮರದ ಮಿಲ್ಲಿನಲ್ಲಿ ಜೊತೆಗಾರರೆಲ್ಲ ಒಗ್ಗಟ್ಟಾಗಿರಬೇಕೆಂದು ಆಡಿದ ಒಂದು ಮಾತಿಗೆ ಸಂಘ ಕಟ್ಟುವವನೆಂಬ ಹಣೆಪಟ್ಟಿ ಬಿದ್ದು ಕೆಲಸ ಹೋಗುತ್ತದೆ. ಆಮೇಲೆ ಎಲ್ಲಿಯೂ ಕೆಲಸ ನಿಲ್ಲುವುದಿಲ್ಲ. ಇಡೀ ಚಿತ್ರದಲ್ಲಿ ಮೆರವಣಿಗೆಯಿಲ್ಲ, ಭಾಷಣವಿಲ್ಲ. ತಲೆ ತಗ್ಗಿಸದೆ ದುಡಿದು ತಿನ್ನಬೇಕೆಂಬ ಒಬ್ಬನ ಹಟ ಅವನ ಮನೆಯೊಳಗೆ ಏನೇನು ಮಾಡುತ್ತದೆಂಬುದಷ್ಟೇ ಇದೆ. ನನ್ನ ತಂದೆ ಹುಬ್ಬಳ್ಳಿ ಸುತ್ತಿನ ಹಳಿಗಳ ಮೇಲೆ ಬೇಸಿಗೆಯ ಮಧ್ಯಾಹ್ನ ಹಾರೆ ಹಿಡಿದು ನಿಂತವರು. ಅವರು ಹೊರಗಿನ ಅವಮಾನವನ್ನು ಹೊರಗೆ ನುಂಗಿಕೊಂಡು ಬಂದು, ಮನೆಯಲ್ಲಿ ಅವ್ವನ ಮೇಲೆ ಸಿಡುಕುತ್ತಿದ್ದುದೇಕೆಂದು ನನಗೆ ಮೂವತ್ತೈದನೆಯ ವಯಸ್ಸಿನಲ್ಲಿ, ಈ ಚಿತ್ರವನ್ನು ನೋಡುತ್ತಿದ್ದಾಗ ತಿಳಿಯಿತು. ಡಫ್ ತನ್ನ ಬಸುರಿ ಹೆಂಡತಿಯನ್ನು ತಳ್ಳುವ ದೃಶ್ಯ ಇರುವುದರಿಂದ ಎಂಟನೆಯ ತರಗತಿಯವರಿಗೆ ಬೇಡ. ಹತ್ತನೆಯವರಿಗೆ, ಮುಂಚೆ ಮಾತನಾಡಿ, ತೋರಿಸಬಹುದು.

ಉತ್ತರ 5: ಹಾನಗಲ್ಲ ಮಾಸ್ತರ

ಎಲ್ಲರಿಗೂ ಕೃತಜ್ಞತೆಗಳು. ಸಪ್ತಾಪುರದ ಅಕ್ಕನವರ ಮಾತಿನಂತೆ ಕಳೆದ ಶನಿವಾರ 'ದಿ ಲಾಂಗ್ ವಾಕ್ ಹೋಮ್' ತೋರಿಸಿದೆವು. ಗಿಲ್ಮೋರ್ ಅವರ ಕೂಟದ ಕಥೆಯನ್ನು ಮೊದಲೇ ಹೇಳಿದ್ದೆ. ಕ್ರಿಸ್‌ಮಸ್ ಊಟದ ದೃಶ್ಯದಲ್ಲಿ ಚಿತ್ರ ನಿಲ್ಲಿಸಿದಾಗ ಯಾರೂ ಮಾತನಾಡಲಿಲ್ಲ. ಆ ಮೌನವನ್ನು ನಾನೇನಾದರೂ ಹೇಳಿ ಒಡೆಯಬೇಕೆಂದು ಅನಿಸಲಿಲ್ಲವಾದ್ದರಿಂದ ಹಾಗೆಯೇ ಮುಂದುವರಿಸಿದೆ.

ಚಿತ್ರ ಮುಗಿದ ಮೇಲೆ, ಮೊದಲು ಪ್ರಶ್ನೆ ಕೇಳಿದ್ದ ಆ ಹುಡುಗಿಯೇ ಎದ್ದು, "ಅಕಿ ಅಷ್ಟು ದೂರ ನಡದು ಮನಿಗೆ ಬಂದ ಮ್ಯಾಲೆ ಮತ್ತ ತನ್ನ ಮನಿ ಕೆಲಸಾನೂ ಮಾಡಬೇಕಲ್ರಿ ಸರ?" ಎಂದಳು. ನಾನು ಉತ್ತರಿಸುವ ಮೊದಲೇ, ಬಾಗಿಲಲ್ಲಿ ನಿಂತು ಕಡೆಯ ಅರ್ಧ ತಾಸು ಚಿತ್ರ ನೋಡಿದ್ದ ನಿಲಯದ ಅಡುಗೆಯಕ್ಕ, "ಮಾಡಬೇಕವಾ, ಮತ್ಯಾರು ಮಾಡ್ತಾರ" ಎಂದರು. ಸಂಜೆಯ ಬಸ್ಸು ತಪ್ಪಿದ ದಿನ ಅವರು ತಮ್ಮ ಹಳ್ಳಿಗೆ ನಡೆದೇ ಹೋಗುತ್ತಾರೆಂಬುದು ಮೂರು ವರ್ಷಗಳಿಂದ ಅವರ ಕೈಯ ಊಟ ಮಾಡುತ್ತಿರುವ ಮಕ್ಕಳಿಗೂ ನನಗೂ ಅಂದೇ ತಿಳಿಯಿತು. ಆ ರಾತ್ರಿ ಅವರನ್ನು ಕಾವಲುಗಾರರ ಮೋಟರ್‌ಸೈಕಲ್ ಮೇಲೆ ಕಳಿಸಿದೆವು.

ಮುಂದಿನ ತಿಂಗಳು ಮೆಂಫಿಸ್‌ನ ಚಿತ್ರವೆಂದು ತೀರ್ಮಾನವಾಗಿದೆ. ಬೆಟಗೇರಿಯವರೇ, ಆ ಫಲಕದ ಮಾತಿಗೆ ಈವರೆಗೆ ಮೂರು ಕನ್ನಡಗಳನ್ನು ಬರೆದು ಹೊಡೆದುಹಾಕಿದ್ದೇನೆ. 'ಹುಡುಗಾ' ಎಂಬ ಕೂಗಿಗೆ ಎದುರಾಗಿ ನಿಲ್ಲುವ ಮಾತು ನಿಮ್ಮ ಅಜ್ಜನ ಬಾಯಲ್ಲಿ ಹೇಗೆ ಬರುತ್ತಿತ್ತೆಂಬುದನ್ನು ದಯವಿಟ್ಟು ಬರೆದು ತಿಳಿಸಿರಿ, ಅದನ್ನೇ ಹಲಗೆಯ ಮೇಲೆ ಬರೆಯುತ್ತೇನೆ.